ದಿನಕ್ಕೆ ಇಪ್ಪತ್ತು ಸಾಲು

ಹೊದಿಕೆಯ ನೂರಾ ಎಂಬತ್ತನೇ ಸಾಲಿನಲ್ಲಿ ಹಕ್ಕಿಗೆ ಒಂದೇ ರೆಕ್ಕೆ ಮೂಡಿ ನಿಂತಿತ್ತು. ಇನ್ನೊಂದು ರೆಕ್ಕೆ ಲ್ಯಾಪ್‌ಟಾಪಿನೊಳಗೆ ಸೆರೆಯಲ್ಲಿತ್ತು. ಮಗಳ ಹೆರಿಗೆಗೆ ಉಳಿದದ್ದು ನಾಲ್ಕೇ ದಿನ.

ಬೀದಿಯವರೆಲ್ಲ ಹೆಣಿಗೆಯಮ್ಮ ಎಂದು ಕರೆಯುತ್ತಿದ್ದ ಆ ಹೆಂಗಸಿಗೆ ಕಣ್ಣಿನ ಡಾಕ್ಟರು ದಿನಕ್ಕೆ ಇಪ್ಪತ್ತು ಸಾಲಿಗಿಂತ ಹೆಚ್ಚು ಹೆಣೆಯಕೂಡದು ಎಂದು ಹೇಳಿ ವರ್ಷವಾಗಿತ್ತು. ಆಕೆ ಹೂಂ ಎನ್ನುವುದು, ಬೆನ್ನು ತಿರುಗಿಸಿದ ಕೂಡಲೇ ಅರವತ್ತು ಹೆಣೆಯುವುದು. ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಿ ನಿವೃತ್ತರಾಗಿದ್ದ ಗಂಡ ಅದಕ್ಕೊಂದು ಉಪಾಯ ಹೂಡಿದರು. ಹುಟ್ಟಲಿರುವ ಮೊಮ್ಮಗುವಿನ ಹೊದಿಕೆಗೆ ಮುನ್ನೂರು ಸಾಲಿನ ಚಿತ್ತಾರ ತಾವೇ ಬರೆದು, ಲ್ಯಾಪ್‌ಟಾಪಿನಲ್ಲಿ ತಾವೇ ಮಾಡಿದ ಒಂದು ಪುಟ್ಟ ಪ್ರೋಗ್ರಾಮಿನೊಳಗೆ ಇಟ್ಟು ಬೀಗ ಹಾಕಿದರು. ಅದು ದಿನಕ್ಕೆ ಇಪ್ಪತ್ತು ಸಾಲು ಮಾತ್ರ ತೋರಿಸುವುದು. ಕೊನೆಗೆ ಒಂದು ಮಾತು: ‘ಇಪ್ಪತ್ತಾಯಿತು. ಕನ್ನಡಕ ತೆಗೆ.’ ಒಂಬತ್ತು ದಿನ ಹಾಗೆ ನಡೆಯಿತು. ಹತ್ತನೇ ದಿನ ಬೆಳಿಗ್ಗೆ ಅವರು ಏಳಲಿಲ್ಲ.

ಒಂದು ತಿಂಗಳು ಆಕೆ ಹೆಣಿಗೆಯ ಕಡ್ಡಿ ಮುಟ್ಟಲಿಲ್ಲ. ಆ ದುಃಖದ ಮನೆಗೆ ಬಂದ ಅಳಿಯ ಸುಮ್ಮನೆ ಕೂರಲಾರದೆ, ಅತ್ತೆಗೆ ಉಪಕಾರವಾಗಲಿ ಎಂದು ಲ್ಯಾಪ್‌ಟಾಪಿಗೆ ಆಂಟಿವೈರಸ್ ಹಾಕಿ ಹೋದ. ಅದು ಬಂದದ್ದೇ ಮನೆಯ ಯಜಮಾನನನ್ನು ಕಳ್ಳನೆಂದು ಹಿಡಿಯಿತು. ಆಕೆ ಕೊನೆಗೊಮ್ಮೆ ಮನಸ್ಸು ಗಟ್ಟಿಮಾಡಿ ಕೂತಾಗ ಪ್ರೋಗ್ರಾಮೇ ಇಲ್ಲ. ಅದರ ಜಾಗದಲ್ಲಿ ಕೆಂಪು ಅಕ್ಷರಗಳು: ಅಪಾಯಕಾರಿ ಫೈಲನ್ನು ಕ್ವಾರಂಟೈನಿನಲ್ಲಿ ಇಡಲಾಗಿದೆ, ಇನ್ನೆರಡು ದಿನದಲ್ಲಿ ತಾನಾಗಿ ಅಳಿಸಲಾಗುವುದು.

ಅಳಿಯನಿಗೆ ಫೋನು ಮಾಡಿದರೆ, ಭಾನುವಾರ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಏನೂ ಮುಟ್ಟಬೇಡಿ ಎಂದ. ಭಾನುವಾರದ ಹೊತ್ತಿಗೆ ಅದು ಇರುವುದಿಲ್ಲ ಎಂದರೆ, “ಹೋಗ್ಲಿ ಬಿಡಿ ಅತ್ತೆ, ಇಂಟರ್ನೆಟ್‌ನಲ್ಲಿ ಹಕ್ಕಿ ಚಿತ್ತಾರ ಬೇಕಾದಷ್ಟು ಸಿಗುತ್ತೆ” ಎಂದ. ಆಕೆ ಫೋನು ಇಟ್ಟರು. ದೇವರೇ, ನೀನು ಅವರನ್ನು ಕರೆದುಕೊಂಡದ್ದಕ್ಕೆ ನಾನು ತಕರಾರು ಮಾಡಿಲ್ಲ, ಅವರು ಬಿಟ್ಟುಹೋದ ಇಷ್ಟನ್ನೂ ಅಳಿಯಂದಿರ ಕೈಗೆ ಕೊಡಬೇಡ ಎಂದು ಬೇಡಿಕೊಂಡು, ಲ್ಯಾಪ್‌ಟಾಪನ್ನು ಉಣ್ಣೆಯ ಚೀಲಕ್ಕೆ ಹಾಕಿಕೊಂಡು ಬೀದಿಯ ಕೊನೆಯ ರಿಪೇರಿ ಅಂಗಡಿಗೆ ಹೊರಟರು.

ಅಂಗಡಿಯವನು ಸಮಾಧಾನಸ್ಥ. ಫೈಲನ್ನು ಬಿಡುಗಡೆ ಮಾಡಿದ. ಕಣ್ಣು ಮಿಟುಕಿಸುವುದರೊಳಗೆ ಆಂಟಿವೈರಸ್ ಅದನ್ನು ಮತ್ತೆ ಹಿಡಿದು ಒಳಗೆ ಹಾಕಿತು. ಇನ್ನೊಮ್ಮೆ ಬಿಟ್ಟ, ಇನ್ನೊಮ್ಮೆ ಹಿಡಿಯಿತು. ಮೂರನೇ ಸಲಕ್ಕೆ ಸಮಾಧಾನಸ್ಥನೂ ತಲೆ ಕೆರೆದುಕೊಂಡ.

“ಇದನ್ನ ಮಾಡಿದವರು ಯಾರು ಅಂತ ಅದಕ್ಕೆ ಗೊತ್ತಿಲ್ಲಮ್ಮ. ಗುರುತಿಲ್ಲದವರನ್ನ ಅದು ನಂಬಲ್ಲ.”

“ನಲವತ್ತೊಂದು ವರ್ಷ ಸಂಸಾರ ಮಾಡಿದ್ದೀನಿ. ನನ್ನನ್ನ ಕೇಳು ಅಂತ ಹೇಳಪ್ಪ ಅದಕ್ಕೆ.”

ಅವನು ನಕ್ಕ, ಆದರೆ ಕೆಲಸದಲ್ಲಿ ಹುಷಾರಿನವನು. ಫೈಲನ್ನು ಬೇರೆ ಎರಡು ಕಡೆ ಪರೀಕ್ಷೆ ಮಾಡಿಸಿದ, ವಿಷವೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಆಂಟಿವೈರಸ್‌ನೊಳಗೆ ಹೋಗಿ, ಮುಟ್ಟಕೂಡದ ಫೈಲುಗಳ ಪಟ್ಟಿಯಲ್ಲಿ ಇದರ ಹೆಸರು ಸೇರಿಸಿ ನಾಲ್ಕನೇ ಸಲ ಬಿಡುಗಡೆ ಮಾಡಿದ. ಈ ಸಲ ಅದು ಬಾಯಿ ಮುಚ್ಚಿಕೊಂಡಿತು.

ಪ್ರೋಗ್ರಾಮು ತೆರೆಯಿತು. ನೂರಾ ಎಂಬತ್ತೊಂದರಿಂದ ಇನ್ನೂರರವರೆಗೆ ಸಾಲುಗಳು. ಕೆಳಗೆ ಅದೇ ಮಾತು: ‘ಇಪ್ಪತ್ತಾಯಿತು. ಕನ್ನಡಕ ತೆಗೆ.’

ಆಕೆಗೆ ಅಳು ಬರುವ ಮೊದಲು ಸಿಟ್ಟು ಬಂತು. ಇನ್ನು ನೂರು ಸಾಲು ಒಳಗೇ ಇದೆ, ದಿನ ನಾಲ್ಕೇ. ಅಳಿಯನ ಕಾವಲುಗಾರ ತೊಲಗಿದನೆಂದರೆ ಅವನ ಹಿಂದೆ ಈ ಕಾವಲುಗಾರ.

“ಸತ್ತ ಮೇಲೂ ಬಿಡಲಿಲ್ಲ ಈ ಮನುಷ್ಯ” ಎಂದರು. “ಮಿಕ್ಕಿದ್ದನ್ನ ಹೊರಗೆ ತೆಗೆಯೋಕೆ ಆಗುತ್ತಾ?”

ಲ್ಯಾಪ್‌ಟಾಪಿನ ತಾರೀಖು ಒಂದು ದಿನ ಮುಂದಕ್ಕೆ ತಿರುಗಿಸಿದರೆ ನಾಳೆಯ ಪಾಲು ಇವತ್ತೇ ಬಂದೀತು ಎಂದು ಅಂಗಡಿಯವನು ತಿರುಗಿಸಿದ. ಪರದೆ ಒಂದು ಕ್ಷಣ ಖಾಲಿಯಾಯಿತು. ಆಮೇಲೆ, ಆಕೆ ಎಂದೂ ಕಾಣದಿದ್ದ ಸಾಲೊಂದು ಮೂಡಿತು.

‘ತಾರೀಖು ತಿರುಗಿಸಿದೆಯಾ? ತಿರುಗಿಸದೆ ಬಿಡುವವಳಲ್ಲ ನೀನು, ಗೊತ್ತಿತ್ತು. ಅಷ್ಟು ಅವಸರವಿದ್ದರೆ ಉಳಿದದ್ದೆಲ್ಲ ತಗೋ. ಮೊದಲು ಕಣ್ಣು ತೊಳೆದುಕೊಂಡು ಬಾ.’

ಅದರ ಕೆಳಗೆ ಮುನ್ನೂರನೇ ಸಾಲಿನವರೆಗೂ ಚಿತ್ತಾರ ಬಿಚ್ಚಿಕೊಂಡಿತ್ತು, ಎರಡನೇ ರೆಕ್ಕೆಯ ತುದಿಯ ತನಕ. ಅಂಗಡಿಯವನು ಮೆಲ್ಲಗೆ ಮುದ್ರಣ ಯಂತ್ರ ಚಾಲೂ ಮಾಡಿದ.

ಹೆಣಿಗೆಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸಿದಷ್ಟೂ ಮಂಜಾಗುತ್ತಿತ್ತು.

“ನಲ್ಲಿ ಎಲ್ಲಿದೆಯಪ್ಪ?” ಎಂದು ಕೇಳಿದರು.