ಚೀಟಿ ಎತ್ತಿ ಬರೆದ ಅಭಿಪ್ರಾಯ

ನಮ್ಮ ಕಾನೂನು ಕಾಲೇಜಿನಲ್ಲಿ ಇಬ್ಬರು ಹಿರಿಯ ಪ್ರೊಫೆಸರರಿದ್ದಾರೆ. ಸಂವಿಧಾನ ಕಲಿಸುವ ಸೈಮನ್ ಸರ್ ಮತ್ತು ಅಪರಾಧ ಕಾನೂನು ಕಲಿಸುವ ದುಗ್ಗಪ್ಪ ಸರ್. ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ವರ್ಷ ನಿವೃತ್ತರಾಗುವವರು, ನಡುವಿನ ಅಷ್ಟೂ ಕಾಲ ಯಾವ ವಿಷಯಕ್ಕೂ ಒಪ್ಪದವರು. ಸ್ಟಾಫ್ ರೂಮಿನ ಫ್ಯಾನು ಎರಡರಲ್ಲಿ ತಿರುಗಬೇಕೋ ಮೂರರಲ್ಲೋ ಎಂಬುದಕ್ಕೂ ಅವರ ಬಳಿ ಹಳೆಯ ತೀರ್ಪುಗಳಿವೆ. ಇಷ್ಟು ಒಳ್ಳೆಯ ಜಗಳ ಸುಮ್ಮನೆ ನಾಲ್ಕು ಗೋಡೆಯ ನಡುವೆ ಹಾಳಾಗುತ್ತಿದೆಯಲ್ಲ ಎಂದು ಅವರಿಗೊಂದು ಬ್ಲಾಗ್ ಮಾಡಿಕೊಟ್ಟವಳು ನಾನು, ಕುಟುಂಬ ಕಾನೂನಿನ ಲವಿನಾ. ಮಾಡಿದ್ದುಣ್ಣೋ ಮಹಾರಾಯ ಎಂಬಂತೆ ಅದರ ಟೈಪಿಂಗೂ ನನ್ನ ಪಾಲಿಗೇ ಬಂತು.

ಬ್ಲಾಗಿನ ಹೆಸರು ‘ಪರ-ವಿರೋಧ’. ಪ್ರತಿ ಭಾನುವಾರ ಸೈಮನ್ ಸರ್ ಇಗರ್ಜಿಯಿಂದ ಬಂದ ಮೇಲೆ ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ನಾವು ಮೂವರು ಕೂರುತ್ತೇವೆ. ಗೋಳಿಬಜೆ ಬರುವಷ್ಟರಲ್ಲಿ ಆ ವಾರದ ವಿಷಯ ನಿರ್ಧಾರವಾಗಬೇಕು. ಜಾಮೀನು, ಬೀದಿನಾಯಿ, ಆನ್‌ಲೈನ್ ಜೂಜು, ಕೋರ್ಟಿನಲ್ಲಿ ಎಐ ಬಳಸಬಹುದೋ ಬಾರದೋ, ಹೀಗೆ ಪೇಪರಿನಲ್ಲಿ ಬಿಸಿಯಾಗಿರುವುದು ಯಾವುದಾದರೂ ಆದೀತು. ಒಬ್ಬರು ಪರವಾಗಿ ಬರೆಯಬೇಕು, ಇನ್ನೊಬ್ಬರು ವಿರೋಧವಾಗಿ. ಯಾರು ಯಾವುದು ಎಂದು ತೀರ್ಮಾನಿಸುವುದು ಮಾತ್ರ ಚೀಟಿ. ಪೇಪರ್ ನ್ಯಾಪ್ಕಿನ್ ಹರಿದು ನಾನು ಎರಡು ಚೀಟಿ ಬರೆಯುತ್ತೇನೆ, ಸಾಸರಿನಲ್ಲಿ ಹಾಕಿ ಕುಲುಕುತ್ತೇನೆ, ಅವರು ಎತ್ತುತ್ತಾರೆ. ವಕೀಲನಿಗೆ ಕಕ್ಷಿದಾರನನ್ನು ಆರಿಸುವ ಭಾಗ್ಯ ಇಲ್ಲ, ಬಾಗಿಲು ತಟ್ಟಿದವನ ಪರ ವಾದಿಸಬೇಕು ಎಂಬುದು ದುಗ್ಗಪ್ಪ ಸರ್ ಸಿದ್ಧಾಂತ. ಈ ಒಂದು ವಿಷಯಕ್ಕೆ ಸೈಮನ್ ಸರ್ ಕೂಡ ಒಪ್ಪಿದ್ದರು. ಚೀಟಿಯ ಸುದ್ದಿ ಓದುಗರಿಗೆ ಹೇಳುವುದು ಬೇಡ, ಹೇಳಿದರೆ ಓದುವ ರುಚಿ ಹೋಗುತ್ತದೆ ಎಂದೂ ಇಬ್ಬರೂ ಒಪ್ಪಿದರು. ಅಷ್ಟು ಒಪ್ಪಂದ ಕಂಡಾಗಲೇ ನನಗೆ ಸಂಶಯ ಬರಬೇಕಿತ್ತು.

ಕಳೆದ ವರ್ಷ ಕಾನೂನು ವಿದ್ಯಾರ್ಥಿಗಳ ಹಾಜರಿಯ ಪ್ರಶ್ನೆ ದೇಶದಲ್ಲೆಲ್ಲ ಚರ್ಚೆಗೆ ಬಂತು. ಕ್ಲಾಸಿಗೆ ಸರಿಯಾಗಿ ಬಾರದವರನ್ನು ಪರೀಕ್ಷೆಯಿಂದ ಹೊರಗಿಡಬಹುದೇ? ನಾವು ಬಿಡುವುದುಂಟೇ. ಚೀಟಿ ಎತ್ತಿದೆವು. ಕಡ್ಡಾಯ ಹಾಜರಿಯ ವಿರೋಧ ಬರೆಯುವ ಕೆಲಸ ಸೈಮನ್ ಸರ್‌ಗೆ ಬಂತು, ಪರ ಬರೆಯುವುದು ದುಗ್ಗಪ್ಪ ಸರ್‌ಗೆ. ನನಗೆ ನಗು ತಡೆಯಲಾಗದೆ ಗೋಳಿಬಜೆ ಗಂಟಲಿಗೆ ಸಿಕ್ಕಿತು.

ಯಾಕೆಂದರೆ ಸೈಮನ್ ಸರ್ ಹಾಜರಿ ಕರೆಯುವುದೆಂದರೆ ನಮ್ಮಲ್ಲಿ ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆ ಹೇಳಿದ ಹಾಗೆ, ಒಂದು ಮಣಿಯೂ ಬಿಟ್ಟುಹೋಗಬಾರದು. ಹೆಸರು ದಾಟಿದ ಮೇಲೆ ಬಾಗಿಲಲ್ಲಿ ಸಾಕ್ಷಾತ್ ಮುಖ್ಯ ನ್ಯಾಯಮೂರ್ತಿ ಬಂದು ನಿಂತರೂ ಗೈರು. ಅವರ ಮಗಳು ಏವ್ರಿಲ್ ಇದೇ ಕಾಲೇಜಿನಲ್ಲಿ ಓದುವಾಗ ಅಪ್ಪನ ಕಾರಿನಲ್ಲೇ ಬಂದು, ಮೆಟ್ಟಿಲಲ್ಲಿ ಚಪ್ಪಲಿ ಕಿತ್ತು ಹಿಂದೆ ಉಳಿದದ್ದಕ್ಕೆ ಗೈರಾದವಳು. ದುಗ್ಗಪ್ಪ ಸರ್ ಹಾಗಲ್ಲ. ಜ್ವರ ಬಂದವರಿಗೆ ಹಾಜರಿ, ಜ್ವರ ಬಂದವರನ್ನು ನೋಡಲು ಹೋದವರಿಗೂ ಹಾಜರಿ. ಕಂಬಳಕ್ಕೆ ಹೋದವರಿಗಂತೂ ಕೇಳುವುದೇ ಬೇಡ, ಕೋಣ ಗೆದ್ದರೆ ಮರುದಿನದ್ದೂ ಸೇರಿಸಿ.

ಆದರೆ ಇಬ್ಬರೂ ಚೆನ್ನಾಗಿ ಬರೆದರು, ಅದೇ ತೊಂದರೆ. ಹಾಜರಿ ಪುಸ್ತಕ ಬೇಕಾದದ್ದು ಕುರಿ ಕಾಯುವವನಿಗೆ, ಗುರುವಿಗಲ್ಲ ಎಂದು ಸೈಮನ್ ಸರ್ ಬರೆದರು. ಬದುಕು ಕರೆದಾಗ ಎದ್ದು ಹೋಗಲಾರದವನು ಬೆಂಚಿನ ಮೇಲೆ ಕೂತು ಕಲಿಯುವ ಕಾನೂನಾದರೂ ಯಾರಿಗೆ ಎಂದು ಕೇಳಿದರು. ಇಂದು ಕ್ಲಾಸು ತಪ್ಪಿಸಿದವನು ನಾಳೆ ಕೋರ್ಟನ್ನೂ ತಪ್ಪಿಸುತ್ತಾನೆ, ಆದರೆ ಜೈಲಿಗೆ ಹೋಗುವವನು ಅವನ ಕಕ್ಷಿದಾರ ಎಂದು ದುಗ್ಗಪ್ಪ ಸರ್ ಬರೆದರು. ಎರಡೂ ವಾಟ್ಸಾಪಿನಲ್ಲಿ ಊರು ಸುತ್ತಿದವು. ಮೊದಲನೆಯದು ಮಕ್ಕಳ ಗುಂಪಿನಲ್ಲಿ, ಎರಡನೆಯದು ಹೆತ್ತವರ ಗುಂಪಿನಲ್ಲಿ.

ಹೊಗಳಿಕೆ ಯಾರನ್ನು ಬಿಟ್ಟಿದೆ? ಸೈಮನ್ ಸರ್ ಬರುವಾಗ ದಾರಿ ಬದಲಿಸುತ್ತಿದ್ದ ಮಕ್ಕಳು ಈಗ ನಿಂತು ನಮಸ್ಕಾರ ಹೇಳತೊಡಗಿದರು, ಸೆಲ್ಫಿ ತೆಗೆದುಕೊಂಡರು. ಅವರ ಹೆಂಡತಿ ಡಾಲಿಬಾಯಿ ನನಗೆ ಫೋನ್ ಮಾಡಿ, ಇವರು ಕಾಫಿ ಚೆನ್ನಾಗಿದೆ ಅಂದರು, ಡಾಕ್ಟರಿಗೆ ತೋರಿಸಬೇಕಾ ಎಂದು ವಿಚಾರಿಸಿದರು. ಇತ್ತ ಜನ್ಮದಲ್ಲಿ ಯಾರನ್ನೂ ಗದರದ ದುಗ್ಗಪ್ಪ ಸರ್‌ಗೆ ಬಿ.ಸಿ.ರೋಡಿನ ಸಂಘವೊಂದು ‘ಶಿಸ್ತು’ ಎಂಬ ವಿಷಯದ ಮೇಲೆ ಭಾಷಣಕ್ಕೆ ಕರೆ ಕಳಿಸಿತು. ಅವರು ಹುಬ್ಬು ಗಂಟಿಕ್ಕುವುದನ್ನು ಅಭ್ಯಾಸ ಮಾಡುತ್ತಿದ್ದರು. ಸ್ಟಾಫ್ ರೂಮಿನ ಕನ್ನಡಿಯ ಮುಂದೆ ನಾನೇ ಕಣ್ಣಾರೆ ನೋಡಿದ್ದೇನೆ.

ಸೆಮಿಸ್ಟರ್ ಮುಗಿಯುತ್ತ ಬಂದಾಗ ಹಾಜರಿ ಕಡಿಮೆ ಇರುವವರ ಪಟ್ಟಿ ಬಂತು. ಅದರಲ್ಲಿ ಕೊನೆಯ ವರ್ಷದ ಮೋಕ್ಷಾಳ ಹೆಸರಿತ್ತು. ತೊಕ್ಕೊಟ್ಟಿನ ಹುಡುಗಿ, ಓದಿನಲ್ಲಿ ಚುರುಕು, ಮಾತು ಕಡಿಮೆ. ಸೈಮನ್ ಸರ್ ವಿಷಯದಲ್ಲಿ ಮಾತ್ರ ಅವಳಿಗೆ ಹಾಜರಿ ಸಾಲದು, ಅವರ ಕ್ಲಾಸು ಬೆಳಿಗ್ಗೆ ಮೊದಲನೆಯದು. ಅವಳ ಅಜ್ಜಿ ಅಮ್ಮಣಿ ಸೊಂಟದ ಮೂಳೆ ಮುರಿದುಕೊಂಡು ಅತ್ತಾವರದ ಒಂದು ಆಸ್ಪತ್ರೆಯಲ್ಲಿದ್ದರು. ಆಪರೇಷನ್ ಒಮ್ಮೆ ಆಗಿ, ಸೋಂಕು ತಗಲಿ, ಮತ್ತೊಮ್ಮೆ ಆಗಿತ್ತು. ಅಪ್ಪ ದುಡಿಯಲು ಕೊಲ್ಲಿ ದೇಶದ ದಮಾಮಿನಲ್ಲಿ. ಅಮ್ಮ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ರಾತ್ರಿ ಅಜ್ಜಿಯ ಹತ್ತಿರ ಮಲಗಿದರೆ, ಬೆಳಿಗ್ಗೆ ಡಾಕ್ಟರು ಬಂದು ಹೋಗುವವರೆಗೆ ಮೋಕ್ಷಾ. ವಿದ್ಯಾರ್ಥಿಗೇ ಕಾಯಿಲೆಯಾದರೆ ವಿನಾಯಿತಿ ಉಂಟು, ವಿದ್ಯಾರ್ಥಿಯ ಅಜ್ಜಿಗೆ ಆದರೆ ಇಲ್ಲ ಎನ್ನುತ್ತದೆ ನಮ್ಮ ನಿಯಮ. ಪರೀಕ್ಷೆಗೆ ಕೂರಿಸದಿದ್ದರೆ ಅವಳ ಒಂದು ವರ್ಷ ಹೋಗುತ್ತಿತ್ತು.

ಅವಳು ಅರ್ಜಿ ಕೊಟ್ಟಳು. ಅದರ ನಡುವೆ ಸೈಮನ್ ಸರ್ ಬರೆದ ಸಾಲುಗಳನ್ನೇ ಎತ್ತಿ ಹಾಕಿದ್ದಳು, ಬದುಕು ಕರೆದಾಗ ಎದ್ದು ಹೋಗುವ ಮಾತು. ಅರ್ಜಿ ಕೇಳುವ ಸಮಿತಿಯಲ್ಲಿ ಇದ್ದವರು ಅದೇ ನಾವು ಮೂವರು. ನಾನು ನಿಶ್ಚಿಂತೆಯಿಂದ ಹೋಗಿ ಕೂತೆ. ಒಬ್ಬರು ಬರಹದಲ್ಲಿ ಉದಾರಿ, ಇನ್ನೊಬ್ಬರು ಸ್ವಭಾವದಲ್ಲಿ ಉದಾರಿ. ಎಲ್ಲಿ ಬಿದ್ದರೂ ಹುಡುಗಿ ಮೆತ್ತಗೆ ಬೀಳುತ್ತಾಳೆ ಎಂದುಕೊಂಡಿದ್ದೆ.

ಆದದ್ದೇ ಬೇರೆ. ಸೈಮನ್ ಸರ್ ಕನ್ನಡಕ ಒರೆಸಿ, ಅದು ಬ್ಲಾಗು, ಇದು ರಿಜಿಸ್ಟರು ಎಂದರು. ಚೀಟಿ ಬಂದದ್ದಕ್ಕೆ ಬರೆದದ್ದು, ಅದನ್ನು ಕಟ್ಟಿಕೊಂಡು ಸುಳ್ಳು ಹಾಜರಿ ಹಾಕಲಾರೆ ಎಂದರು. ದುಗ್ಗಪ್ಪ ಸರ್ ಕಡೆ ತಿರುಗಿದೆ. ಅವರು ಗಂಟಿಕ್ಕಿದ ಹುಬ್ಬನ್ನು ಇಳಿಸದೆ, ಮುಂದಿನ ವಾರವೇ ಭಾಷಣ ಉಂಟು, ಶಿಸ್ತಿನ ಬಗ್ಗೆ ಅಷ್ಟು ಬರೆದವನು ಈಗ ಸಡಿಲ ಬಿಟ್ಟರೆ ಜನ ಎಂತ ಹೇಳಿಯಾರು ಎಂದರು. ಒಬ್ಬರು ತಾನು ಬರೆದದ್ದನ್ನು ನಂಬಲಿಲ್ಲ, ಇನ್ನೊಬ್ಬರು ಬರೆದದ್ದನ್ನೇ ನಂಬಿಬಿಟ್ಟಿದ್ದರು. ನಡುವೆ ಸಿಕ್ಕಿದ್ದು ಆ ಹುಡುಗಿ. ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು.

ಮೋಕ್ಷಾಳನ್ನು ಒಳಗೆ ಕರೆದೆವು. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಆಸ್ಪತ್ರೆಯ ಫೈಲು.

“ಅಜ್ಜಿಗೆ ಹೋಮ್ ನರ್ಸ್ ಇಡುವಾ ಅಂತ ಅಮ್ಮ ಹೇಳಿದ್ರು ಸರ್. ನಾನೇ ಬೇಡ ಅಂದೆ,” ಎಂದಳು ಸೈಮನ್ ಸರ್ ಕಡೆ ನೋಡಿ. “ನಿಮ್ಮದು ಓದಿದ್ದೆ. ಸೈಮನ್ ಸರ್ ಸುಮ್ಮನೆ ಹೀಗೆ ಬರೆಯುವವರಲ್ಲ, ಬರೆದಿದ್ದಾರೆ ಅಂದ್ರೆ ಮನಸ್ಸಿನಿಂದಲೇ ಬರೆದದ್ದು ಅಂತ ಎಣಿಸಿದೆ.”

ಸೈಮನ್ ಸರ್ ಸುಳ್ಳು ಹೇಳುವ ಜನ ಅಲ್ಲ. ಚೀಟಿಯ ಕಥೆಯನ್ನು ಸಾಸರಿನ ಸಮೇತ ಹೇಳಿದರು. ಅವಳು ಕೇಳಿಸಿಕೊಂಡಳು. ಬೇರೆ ಚೀಟಿ ಬಂದಿದ್ದರೆ ಬೇರೆ ಥರ ಬರೆಯುತ್ತಿದ್ದಿರಾ ಎಂದು ಕೇಳಿದಳು. ಹೌದು ಎಂದರು ಸರ್.

“ನಾನು ಎರಡೂ ಓದಿದ್ದೇನೆ,” ಎಂದಳು ಮೋಕ್ಷಾ. “ಬಾರದವರಿಗೆ ಎಂತ ಮಾಡಬೇಕು ಅಂತ ಇಬ್ಬರೂ ಬರೆದಿದ್ದೀರಿ. ಯಾಕೆ ಬರಲಿಲ್ಲ ಅಂತ ಒಮ್ಮೆ ಕೇಳಬೇಕು ಅಂತ ಇಬ್ಬರೂ ಬರೀಲಿಲ್ಲ.”

ಸಿಟ್ಟಿನಿಂದ ಹೇಳಿದ್ದರೆ ನಾವು ವಾದಕ್ಕೆ ನಿಲ್ಲುತ್ತಿದ್ದೆವು. ಅವಳು ಹೇಳಿದ್ದು ಸುಸ್ತಿನಿಂದ. ದುಗ್ಗಪ್ಪ ಸರ್ ಹುಬ್ಬು ತಾನಾಗಿ ಕೆಳಗಿಳಿಯಿತು. ಭಾಷಣ ಹಾಳಾಗಿ ಹೋಗಲಿ, ಹಾಜರಿ ಹಾಕಿಬಿಡಿ ಮಾರಾಯ್ರೆ ಎಂದು ಅವರು ಪೆನ್ನನ್ನೇ ತೆಗೆದರು. ಸೈಮನ್ ಸರ್ ರಿಜಿಸ್ಟರಿನ ಮೇಲೆ ಕೈ ಇಟ್ಟರು.

“ಪುಕ್ಕಟೆ ಕೊಡ್ಲಿಕ್ಕೆ ಆಗುದಿಲ್ಲ. ಆದರೆ ಹೆಚ್ಚುವರಿ ಕ್ಲಾಸ್ ತೆಗೊಂಡು ತುಂಬಿಸಬಹುದು ಅಂತ ನಿಯಮ ಉಂಟು,” ಎಂದರು. ಮತ್ತೆ ನನ್ನ ಕಡೆ ತಿರುಗಿ, “ಆ ಕ್ಲಾಸ್ ಕಾಲೇಜಿನ ಒಳಗೇ ಆಗಬೇಕು ಅಂತ ಎಲ್ಲಿಯಾದರೂ ಬರೆದುಂಟಾ, ಲವಿನಾ?” ಎಂದು ಕೇಳಿದರು.

ಬರೆದಿರಲಿಲ್ಲ. ಆಸ್ಪತ್ರೆಯಲ್ಲಿ ಆಗಬಾರದು ಎಂದು ಬರೆದಿಡುವಷ್ಟು ಕಲ್ಪನೆ ನಮ್ಮ ನಿಯಮ ಮಾಡಿದವರಿಗೆ ಇರಲಿಲ್ಲ.

ಮರುದಿನದಿಂದ ಅತ್ತಾವರದ ಆ ಆಸ್ಪತ್ರೆಯ ಮಹಿಳಾ ವಾರ್ಡಿನ ಹೊರಗಿನ ಬೆಂಚಿನಲ್ಲಿ ಸಂವಿಧಾನದ ಪಾಠ ಶುರುವಾಯಿತು. ಸೈಮನ್ ಸರ್ ರಿಜಿಸ್ಟರ್ ಬಿಡಿಸಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತವಳ ಹೆಸರನ್ನು ಗಟ್ಟಿಯಾಗಿ ಕರೆಯುತ್ತಿದ್ದರು. ಅವಳು ಎದ್ದು ನಿಂತು “ಪ್ರೆಸೆಂಟ್ ಸರ್” ಅನ್ನುತ್ತಿದ್ದಳು. ಒಂದು ದಿನ ಅವಳು ಅಜ್ಜಿಗೆ ನೀರು ಕೊಟ್ಟು ಬರುವಷ್ಟರಲ್ಲಿ ಹೆಸರು ದಾಟಿತೆಂದು ಆ ಇಡೀ ಕ್ಲಾಸಿಗೆ ಗೈರು ಹಾಕಿದರು ಪುಣ್ಯಾತ್ಮ. ಮೇಲ್ವಿಚಾರಣೆಗೆಂದು ಬಂದ ದುಗ್ಗಪ್ಪ ಸರ್ ಪ್ರತಿ ಮಾತಿಗೂ ಅಡ್ಡ ಮಾತು ಹಾಕಿದರು. ಸಿಸ್ಟರ್ ಎರಡು ಸಲ ಬಂದು ಬಾಯಿ ಮುಚ್ಚಿಸಿದರು. ಬಾಗಿಲ ಹತ್ತಿರದ ಹಾಸಿಗೆಯಲ್ಲಿ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅಮ್ಮಣಿ ಅಜ್ಜಿ, ಈ ಇಬ್ಬರು ಅಣ್ಣತಮ್ಮಂದಿರ ಜಾಗದ ತಕರಾರು ಯಾವಾಗ ಮುಗಿಯುತ್ತದೆ ಎಂದು ಮೊಮ್ಮಗಳನ್ನು ತುಳುವಿನಲ್ಲಿ ಕೇಳಿದರಂತೆ.

ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗಬೇಕಾದ ದಿನವೇ ಅಜ್ಜಿಗೆ ಡಿಸ್ಚಾರ್ಜ್ ಆಯಿತು. ಒಂದು ಕ್ಲಾಸು ಇನ್ನೂ ಬಾಕಿ ಇತ್ತು, ಆ ಗೈರಾದದ್ದು. ಬೆಳಿಗ್ಗೆಯೇ ಮುಗಿಸುವುದೆಂದುಕೊಂಡಿದ್ದೆವು. ಆದರೆ ಆಸ್ಪತ್ರೆಯಿಂದ ಬಿಡುಗಡೆ ಎಂದರೆ ಜಾಮೀನು ಸಿಗುವುದಕ್ಕಿಂತ ನಿಧಾನ. ಈ ಕಾಗದ, ಆ ಕಾಗದ, ಈ ಕೌಂಟರು, ಆ ಕೌಂಟರು ಎಂದು ಮೋಕ್ಷಾ ಓಡಾಡುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಸಂಜೆ ಕಾಲೇಜಿನ ಆಫೀಸು ಮುಚ್ಚುವ ಮೊದಲು ರಿಜಿಸ್ಟರ್ ತಲುಪದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಕೊನೆಗೆ ನನ್ನ ಕಾರನ್ನೇ ಕ್ಲಾಸ್ ರೂಮ್ ಮಾಡುವುದೆಂದು ತೀರ್ಮಾನವಾಯಿತು.

ಮುಂದಿನ ಸೀಟನ್ನು ಹಿಂದಕ್ಕೆ ವಾಲಿಸಿ ಅಜ್ಜಿಯನ್ನು ಮಲಗಿಸಿದಂತೆ ಕೂರಿಸಿದೆವು. ಹಿಂದೆ ಮೋಕ್ಷಾ, ಸೈಮನ್ ಸರ್, ಅವರ ಹೊಟ್ಟೆಗೆ ಒತ್ತಿಕೊಂಡು ದುಗ್ಗಪ್ಪ ಸರ್. ಕಾರು ಹೊರಟ ಕೂಡಲೇ ಹಾಜರಿ ಕರೆದಾಯಿತು. ಎದ್ದು ನಿಲ್ಲಲು ಹೋಗಿ ಮೋಕ್ಷಾಳ ತಲೆ ಕಾರಿನ ಮಾಡಿಗೆ ತಾಗಿತು. ಜೀವಿಸುವ ಹಕ್ಕಿನ ಪಾಠ. ಜೆಪ್ಪಿನಮೊಗರು ದಾಟುವಾಗ ನೇತ್ರಾವತಿ ಸೇತುವೆಯ ಮೇಲೆ ಲಾರಿಗಳು ಸಾಲು ನಿಂತದ್ದು ಕಂಡಿತು. ಈ ಬ್ಲಾಕನ್ನು ದಿನಾ ಬೈಯುವ ನಾನು ಅವತ್ತು ದೇವರಿಗೆ ಕೈ ಮುಗಿದೆ. ಅರ್ಧ ಪಾಠ ಹೊಳೆಯ ಮೇಲೆಯೇ ಆಯಿತು.

ಆದರೆ ಸೇತುವೆ ದಾಟಿದ ಮೇಲೆ ರಸ್ತೆ ಖಾಲಿ. ನಾನು ಎಷ್ಟು ನಿಧಾನ ಬಿಟ್ಟರೂ ತೊಕ್ಕೊಟ್ಟಿನ ಒಳದಾರಿ ಹಿಡಿದು ಅವರ ಮನೆಯ ಮುಂದೆ ನಿಂತಾಗ ಕ್ಲಾಸಿನ ಗಂಟೆ ತುಂಬಿರಲಿಲ್ಲ. ಮೋಕ್ಷಾಳ ಅಮ್ಮ ಅಂಗಳದಲ್ಲಿ ಕೈಕುರ್ಚಿ ಇಟ್ಟು ಕಾಯುತ್ತಿದ್ದರು. ಬಂದು ಕಾರಿನ ಬಾಗಿಲು ತೆಗೆದರು. ಹಿಂದಿನಿಂದ ಸೈಮನ್ ಸರ್ ಸ್ವರ ಬಂತು, ಕ್ಲಾಸು ಇನ್ನೂ ಮುಗಿಯಲಿಲ್ಲ ಎಂದು. ಅಭ್ಯಾಸಬಲ.

ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೆ, ಆದರೆ ಅದು ಅರ್ಥವಾಯಿತು. ಸೊಸೆಯ ಕೈಯನ್ನು ಸರಿಸಿ, “ಪಾಠ ಆವಡ್. ಬೊಕ್ಕ ಜಪ್ಪುವೆ,” ಎಂದರು. ಪಾಠ ಆಗಲಿ, ಆಮೇಲೆ ಇಳಿಯುತ್ತೇನೆ ಎಂದು. ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತರು. ದಾರಿಯುದ್ದಕ್ಕೂ ಹೊಂಡಗಳು ಕುಲುಕಿ ಅವರಿಗೆ ನೋವು ಮಿತಿಮೀರಿತ್ತು. ಬಾಯಿಯಿಂದ ಮಾತ್ರ ಒಂದು ಸ್ವರ ಹೊರಡಲಿಲ್ಲ. ಮೊಮ್ಮಗಳ ವರ್ಷ ತನ್ನ ಸೊಂಟದಿಂದಾಗಿ ಹೋಗಬಾರದು ಎಂದು ಆ ಮುದುಕಿ ಹಲ್ಲು ಕಚ್ಚಿ ಕೂತದ್ದು ನೋಡಿ ನನ್ನ ಕಣ್ಣು ತುಂಬಿ ಬಂತು.

ಸೈಮನ್ ಸರ್ ಮಾತು ಮುಂದುವರಿಸಿದ್ದರು. ಅವರ ಕಣ್ಣು ಹಿಡಿಗೆ ಬಿಗಿದಿದ್ದ ಅಜ್ಜಿಯ ಕೈಯ ಮೇಲೆ ಬಿತ್ತು. ಜೀವಮಾನದಲ್ಲಿ ಒಂದು ವಾಕ್ಯವನ್ನು ಅರ್ಧಕ್ಕೆ ಬಿಡದ ಮನುಷ್ಯ ಅರ್ಧಕ್ಕೆ ನಿಲ್ಲಿಸಿದರು. ಕ್ಲಾಸು ಆಯಿತು ಎಂದರು. ರಿಜಿಸ್ಟರಿನಲ್ಲಿ ಹಾಜರಿ ಬರೆದು ಸಹಿ ಹಾಕಿದರು.

“ಸರ್, ಗಂಟೆ ಇನ್ನೂ...” ಎಂದಳು ಮೋಕ್ಷಾ.

“ಕ್ಲಾಸ್ ಯಾವಾಗ ಮುಗಿಯಿತು ಅಂತ ಹೇಳುವುದು ನಾನು. ಅಜ್ಜಿಯನ್ನು ಇಳಿಸು ಮಗಾ.”

ಇಬ್ಬರು ಪ್ರೊಫೆಸರರೂ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಅಜ್ಜಿಯನ್ನು ಕೈಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಒಳಗೆ ಒಯ್ದರು. ಅಮ್ಮ ಕೊಟ್ಟ ಶರಬತ್ತನ್ನು ನಿಂತಲ್ಲೇ ಕುಡಿದು ನಾವು ಕಾಲೇಜಿಗೆ ಹೊರಟೆವು.

ಮತ್ತೆ ಸೇತುವೆಗೆ ಬಂದೆವು. ಸೈಮನ್ ಸರ್ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಹೊಳೆ ನೋಡುತ್ತಿದ್ದರು.

“ಗಂಟೆ ತುಂಬಿರಲಿಲ್ಲ,” ಎಂದರು ಕೊನೆಗೆ. “ನಾನು ಇದರಲ್ಲಿ ಸುಳ್ಳು ಬರೆದೆ, ದುಗ್ಗಪ್ಪ.”

“ಸುಳ್ಳು ಎಂತದ್ದು ಮಾರಾಯ್ರೆ,” ಎಂದರು ದುಗ್ಗಪ್ಪ ಸರ್. “ಬರೆದದ್ದು ನೀವು ಅವತ್ತೇ, ಬ್ಲಾಗಿನಲ್ಲಿ. ಸಹಿ ಹಾಕಿದ್ದು ಇವತ್ತು, ಅಷ್ಟೇ.”

ಸೈಮನ್ ಸರ್ ಅದಕ್ಕೆ ವಿರೋಧ ಹೇಳಲಿಲ್ಲ.