ಹತ್ತು ನಿಮಿಷ ಮೊದಲು

ಹಿರಿಯ ವರದಿಗಾರನಿಗೆ ಹೊಟ್ಟೆಕಿಚ್ಚು ಶುರುವಾಗಿದ್ದು ಸೇನೆಯ ಜೊತೆ ಹೊರಟ ಮೂರನೆಯ ದಿನವೇ. ಇಪ್ಪತ್ತೆರಡು ವರ್ಷ ಸುದ್ದಿಯ ಹಿಂದೆ ಚಪ್ಪಲಿ ಸವೆಸಿದವನನ್ನು ಸೈನಿಕರು 'ಸಾರ್' ಎಂದು ಕರೆದು ದೂರ ಸರಿಯುತ್ತಿದ್ದರು. ಬೇರೆ ಪತ್ರಿಕೆಯಿಂದ ಬಂದ ಗಡ್ಡದವನು, ಮೊನ್ನೆ ಮೊನ್ನೆ ಪೆನ್ನು ಹಿಡಿದವನು, ಅವರಿಗೆಲ್ಲ ಆಗಲೇ 'ಅಣ್ಣ'! ಅಣ್ಣ, ಟೀ ಕುಡೀರಿ. ಅಣ್ಣ, ನಮ್ಮ ಗಾಡೀಲಿ ಬನ್ನಿ. ಅವನೇನು ಮಂತ್ರ ಹಾಕಿದ್ದನೇ? ಗಾಡಿ ಕೆಸರಿನಲ್ಲಿ ಹೂತರೆ ಇಳಿದು ತಳ್ಳುತ್ತಿದ್ದ, ಅಷ್ಟೇ. 'ಬೆಣ್ಣೆ ಹಚ್ತಾನೆ' ಎಂದು ಈತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನವೇನೂ ಆಗಲಿಲ್ಲ.

ಸಾಲದ್ದಕ್ಕೆ ಸಂಪಾದಕರ ಫೋನು. "ಏನ್ರೀ, ಆ ಗಡ್ಡದವನು ದಿನಾ ಮುಖಪುಟದಲ್ಲಿ ಬರ್ತಾನೆ. ನೀವೇನು ಗಾಳಿ ಕುಡಿಯೋಕೆ ಹೋಗಿದ್ದೀರಾ?"

ಹನ್ನೊಂದನೆಯ ದಿನ ಬೆಳಿಗ್ಗೆ ಮುಂದಿನ ಲಾರಿಯ ಚಕ್ರದಡಿ ನೆಲಬಾಂಬು ಸಿಡಿಯಿತು. ಹಿಂದಿನ ಗಾಡಿಯಿಂದ ಈತ ಓಡಿ ಬರುವಷ್ಟರಲ್ಲಿ ಡ್ರೈವರ್ ಸತ್ತಿದ್ದ. ಅದೇ ಲಾರಿಯಲ್ಲಿದ್ದ ಗಡ್ಡದವನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಈತನ ಎದೆಯಲ್ಲಿ ಮೊದಲು ಎದ್ದದ್ದು ದುಃಖವಲ್ಲ. ಥೂ, ಹೇಳಲೂ ನಾಚಿಕೆ: ಈ ಸುದ್ದಿಯೂ ಅವನ ಪಾಲಾಯಿತಲ್ಲ!

ಶಿಬಿರದಲ್ಲಿ ಅಧಿಕಾರಿ ಇಬ್ಬರನ್ನೂ ಕರೆದ. "ಡ್ರೈವರನ ಹೆಸರು ಮಾತ್ರ ಈಗ ಬೇಡ. ಮನೆಯವರಿಗೆ ತಿಳಿಯೋ ಮೊದಲು ಬರೆಯಲ್ಲ ಅಂತ ಇಬ್ಬರೂ ಸಹಿ ಹಾಕಿದ್ದೀರಿ. ಮನೇಲಿ ತಾಯಿ ಒಬ್ಬರೇ. ನಮ್ಮವರು ಹೊರಟಿದ್ದಾರೆ, ಎದುರು ಕೂತು ಹೇಳ್ತಾರೆ. ಆಮೇಲೆ ಬರೀರಿ."

ಇಬ್ಬರೂ ತಲೆಯಾಡಿಸಿದರು. ಗುಡಾರಕ್ಕೆ ಬಂದದ್ದೇ ಗಡ್ಡದವನು ಲ್ಯಾಪ್‌ಟಾಪ್ ತೆರೆದು ಬರೆಯಲು ಕೂತ. ನೀರು ಕುಡಿಯುವ ನೆಪದಲ್ಲಿ ಈತ ಹಿಂದಿನಿಂದ ಹಾದು ಕಣ್ಣು ಹಾಯಿಸಿದ. ಮೊದಲ ಸಾಲಿನಲ್ಲೇ ಡ್ರೈವರನ ಹೆಸರು!

ಅಯ್ಯೋ ಕಳ್ಳ! ಮುಂದೆ ತಲೆಯಾಡಿಸಿ ಹಿಂದೆ ಈ ಕೆಲಸವೇ? ಈತ ಒಂದು ಮಾತೂ ಕೇಳಲಿಲ್ಲ. ಹೊರಗೆ ಹೋಗಿ ಉಪಗ್ರಹ ಫೋನಿನಲ್ಲಿ ಆರೇ ಸಾಲು ಹೇಳಿ ಬರೆಸಿದ, ಹೆಸರು, ಊರು ಸಮೇತ. ಹತ್ತು ನಿಮಿಷದಲ್ಲಿ ಈತನ ಪತ್ರಿಕೆಯ ವೆಬ್‌ಸೈಟಿನಲ್ಲಿ ಸುದ್ದಿ ಬಂತು. ಸಂಪಾದಕರು "ಭೇಷ್" ಎಂದರು. ಎಷ್ಟೋ ದಿನದ ಮೇಲೆ ಈತನಿಗೆ ಹೊಟ್ಟೆ ತಣ್ಣಗಾಯಿತು.

ಗಡ್ಡದವನ ಪತ್ರಿಕೆಯಲ್ಲಿ ಹೆಸರು ಬರಲೇ ಇಲ್ಲ. ತಾಸು ಕಳೆದರೂ ಬರಲಿಲ್ಲ. ಈತ ಚುಚ್ಚಿಯೇ ಕೇಳಿದ, "ಏನಪ್ಪ, ನಿನ್ನ ಸುದ್ದಿ ದಾರಿ ತಪ್ಪಿತಾ?"

"ಯಾವ ಸುದ್ದಿ ಸಾರ್? ಡ್ರೈವರ್ ಕೊನೇಲಿ ಏನಂದ ಅಂತ ಬರ್ಕೊಡಿ ಅಂತ ಮೊದ್ಲೇ ಹೇಳಿದ್ರು ಅಧಿಕಾರಿ. ಮನೆಗೆ ಹೋದೋರು ತಾಯಿಗೆ ಓದಿ ಹೇಳ್ಬೇಕಲ್ಲ, ಅದನ್ನ ಬರೀತಿದ್ದೆ."

ಅಷ್ಟರಲ್ಲಿ ಕಚೇರಿಯಿಂದ ಫೋನು. ಸುದ್ದಿಯ ಕೆಳಗೆ ಈತನ ಹೆಸರು ನೋಡಿ ಆ ತಾಯಿ ಈತನನ್ನೇ ಕೇಳುತ್ತಿದ್ದಾಳಂತೆ, ಲೈನು ಕೊಟ್ಟರು.

"ನಾನು ಹೊಲಿಗೆ ಫ್ಯಾಕ್ಟರೀಲಿ ಇದ್ದೀನಪ್ಪ," ಎಂದಿತು ಆ ದನಿ. ಹಿಂದೆ ಮಿಷನ್ನುಗಳ ಸದ್ದು. "ಪಕ್ಕದ ಮಿಷನ್ನೋಳು ಫೋನಲ್ಲಿ ಏನೋ ತೋರಿಸಿದ್ಲು. ಅದು ಸುಳ್ಳು ಅಂತ ಒಂದು ಮಾತು ಹೇಳ್ಬಿಡಿ, ಇವ್ರೆಲ್ಲ ಸುಮ್ನೆ ಅಳ್ತಾ ಇದ್ದಾರೆ. ಸೇನೆಯವ್ರು ಮನೆಗೆ ಬಂದು ಹೇಳೋವರ್ಗೂ ಏನೂ ನಂಬ್ಬೇಡ ಅಂದಿದ್ದ ನನ್ ಮಗ. ಯಾರೂ ಬಂದಿಲ್ಲ. ಸುಳ್ಳು ತಾನೇ?"

ಈತ ಹೇಳಿದ, "ಸುಳ್ಳಲ್ಲಮ್ಮ."

ಮಿಷನ್ನುಗಳು ಒಂದೊಂದಾಗಿ ನಿಂತವು. ಅವಳು ಕೇಳಿದಳು, "ನೀವು ಪಕ್ಕದಲ್ಲಿದ್ರಾ? ಏನಾದ್ರೂ ಅಂದ್ನಾ?"

ಈತ ಫೋನನ್ನು ಗಡ್ಡದವನ ಕೈಗೆ ಕೊಟ್ಟ.

"ಅಮ್ಮಾ, ನಾನಿದ್ದೆ," ಎಂದ ಅವನು. "ಹಿಂದೆ ಕೂತೋರೆಲ್ಲ ಕ್ಷೇಮಾನಾ ಅಂತ ಕೇಳ್ದ. ಹೂಂ ಅಂದೆ. ಸರಿ ಅಂದ."

ಅವಳು ಅತ್ತಳು, ಅವನೂ ಅತ್ತ. ಈತ ಗುಡಾರದ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ನಾಚಿಕೆಯಿಂದ ಸಾಯಬೇಕಿತ್ತು, ಸಾಯುವಷ್ಟು ನಾಚಿಕೆಯೂ ಆಗಿತ್ತು. ಆದರೂ ಅವಳ ಜೊತೆ ಹಾಗೆ ಅಳಬಲ್ಲವನು ತಾನಲ್ಲ, ಅವನೇ ಎಂದು ಹೊಟ್ಟೆ ಉರಿಯಿತು.