ಬೋಣಿ ಮುಗಿಯುವ ತನಕ

"ಬೋಣಿ ಗಿರಾಕಿ ಬಂದಾರ, ಮೊದಲ ನೀರ್ ಕೊಡ್ರಿ!" ಎಂದು ಗಲ್ಲಾದಿಂದಲೇ ಕೂಗಿದರು ಹಣಮಂತರಾಯರು. ಸೀರೆ ತೋರಿಸುವ ಸುಭದ್ರಾ ಆಗಲೇ ಸ್ಟೀಲಿನ ಲೋಟ ಮುಂದೆ ಹಿಡಿದಿದ್ದಳು. ಕೋಠಿಯ ಈ ಸೀರೆ ಅಂಗಡಿಯಲ್ಲಿ ಹೊಸ್ತಿಲು ದಾಟಿದವರಿಗೆ ಮೊದಲು ನೀರು, ಆಮೇಲೆ ಸೀರೆ. ಹೊರಗೆ ಮೇ ತಿಂಗಳ ಬಿಸಿಲು, ಆಟೋಗಳ ಗದ್ದಲ. ಒಳಗೆ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತಿತ್ತು.

ಗಿರಾಕಿಯ ಹೆಸರು ಅನ್ವಿತಾ. ಮೈಸೂರಿನ ಹುಡುಗಿ, ಊರ ಇನ್ನೊಂದು ತುದಿಯ ಮಣಿಕೊಂಡದಲ್ಲಿ ವಾಸ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಆ ಕಡೆ ಗಾಜಿನ ಕಟ್ಟಡಗಳು ಏಳತೊಡಗಿದ ಮೇಲೆ ಇಂಥ ಹುಡುಗಿಯರು ಈ ತೆಲುಗು ಊರಲ್ಲಿ ಕನ್ನಡ ಮಾತಾಡುವ ಅಂಗಡಿ ಎಂದು ಹುಡುಕಿಕೊಂಡು ಬರುತ್ತಿದ್ದರು. ಅಕ್ಕನ ಮದುವೆಗೆ ಇಳಕಲ್ ಸೀರೆ ಬೇಕಂತೆ. ಲೋಟ ನೋಡಿ ನಕ್ಕು, ಚೀಲದಿಂದ ಉದ್ದನೆಯ ಬಾಟಲಿ ತೆಗೆದಳು.

"ನನ್ ಹತ್ರ ಇದೆ ಆಂಟಿ, ಅದನ್ನ ನೀವೇ ಕುಡೀರಿ. ತುಟಿ ನೋಡಿ ಹೇಗೆ ಒಡೆದಿದೆ! ಈ ಬಿಸಿಲಲ್ಲಿ ನೀರು ಕುಡೀದೇ ಇದ್ರೆ ಆರೋಗ್ಯ ಏನಾಗ್ಬೇಕು?"

"ಇರ್ಲಿ ಬಿಡವ್ವಾ, ನಂಗ ನೀರಡಿಕಿ ಇಲ್ಲ."

ಶುದ್ಧ ಸುಳ್ಳು. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಊರಿಗೆಲ್ಲ ನೀರು ಕೊಡುವ ಸುಭದ್ರಾ ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿದರೆ, ಮತ್ತೆ ಮನೆಗೆ ಹೋಗಿಯೇ ಬಾಯಿ ಒದ್ದೆ ಮಾಡುವುದು. ಕೆಳಗೆ ಅಂಗಡಿಯಲ್ಲಿ ಸಂಡಾಸ ಇಲ್ಲ. ಗಂಡಸರಿಗೇನು, ಹಿಂದಿನ ಓಣಿಯ ಗೋಡೆಯಿದೆ. ಇರುವುದೊಂದು ಮೇಲೆ, ಸಾಹುಕಾರರ ಮನೆಯಲ್ಲಿ. ಅಲ್ಲಿ ಅವರ ತಾಯಿ ಸಾವಿತ್ರಿಬಾಯಿ ಮಡಿಯಲ್ಲಿ ಕೂತಿರುತ್ತಾರೆ; ಕೆಲಸದವರು ಮೆಟ್ಟಿಲು ಹತ್ತುವಂತಿಲ್ಲ. ಹೋದ ತಿಂಗಳು ಸೊಂಟನೋವೆಂದು ಹೋದಾಗ ಡಾಕ್ಟರರು ಗದರಿದ್ದರು: ಹರಳಾಗಿದೆ, ಹೀಗೇ ನೀರು ಕುಡಿಯದಿದ್ದರೆ ಕಿಡ್ನಿಯೇ ಹೋಗುತ್ತದೆ. "ಆಯ್ತ್ರಿ" ಎಂದು ಬಂದಿದ್ದಳು. ಕುಡಿದ ಮೇಲೆ ಎಲ್ಲಿಗೆ ಹೋಗಬೇಕೆಂದು ಆ ಪುಣ್ಯಾತ್ಮರು ಹೇಳಿರಲಿಲ್ಲ.

"ಕುಡೀರಿ ಸುಭದ್ರಾಬಾಯಿ," ಹಣಮಂತರಾಯರು ನಕ್ಕರು. "ಬೋಣಿ ಗಿರಾಕಿ ಮಾತು ಮೀರಬಾರ್ದು."

ಕುಡಿದಳು. ತಣ್ಣನೆಯ ನೀರು ಗಂಟಲಿಗೆ ಇಳಿದದ್ದೇ ತಡ, ಮೈಯೆಲ್ಲ ಇನ್ನೂ ಬೇಕು ಎಂದಿತು. ಎರಡನೆಯ ಲೋಟಕ್ಕೆ ಯಾರ ಒತ್ತಾಯವೂ ಇರಲಿಲ್ಲ, ತಾನೇ ಬಗ್ಗಿಸಿಕೊಂಡಳು. ಆಹಾ, ಎಷ್ಟು ಹಿತವಾಗಿತ್ತು! ಆ ಹಿತ ಬಹಳ ಹೊತ್ತು ಉಳಿಯಲಿಲ್ಲ.

ಅಂಗಡಿಯಲ್ಲಿ ಹಣಮಂತರಾಯರ ತಂದೆಯ ಕಾಲದ ಕಟ್ಟಳೆಯೊಂದಿತ್ತು. ದಿನದ ಮೊದಲ ಸೀರೆ ಬಿಚ್ಚಿದವರು ಅದು ಮಾರಾಟವಾಗುವ ತನಕ ಗಾದಿ ಬಿಟ್ಟು ಏಳಬಾರದು, ಎದ್ದರೆ ಜೊತೆಗೆ ಲಕ್ಷ್ಮಿಯೂ ಎದ್ದು ಹೋಗುತ್ತಾಳೆ. ಹಿಂದೊಮ್ಮೆ ಇಲ್ಲಿ ಕೆಲಸಕ್ಕಿದ್ದ ಅನ್ನಮ್ಮ ಎದ್ದಿದ್ದಳು. ಮರುದಿನ ಅವಳಿಗೆ ಬರಬೇಡವೆಂದರು. ಸುಭದ್ರಾ ಈಗ ಕೂತದ್ದು ಅವಳ ಜಾಗದಲ್ಲೇ.

ಅನ್ವಿತಾಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಹಸಿರು ಬಿಚ್ಚಿಸಿದಳು, ಕೆಂಪು ಬಿಚ್ಚಿಸಿದಳು, ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಅಮ್ಮನನ್ನು ಕೇಳಿ ಹೇಳುತ್ತೇನೆಂದಳು. ಸುಭದ್ರಾ ಬಲ ಮಂಡಿ ಮಡಿಸಿದಳು, ಎಡ ಮಂಡಿ ಮಡಿಸಿದಳು, ತೊಡೆ ಬಿಗಿಹಿಡಿದಳು. ಕೈ ಸೆರಗು ಹರಡುತ್ತಿತ್ತು, ಜೀವವೆಲ್ಲ ಕಿಬ್ಬೊಟ್ಟೆಯಲ್ಲಿತ್ತು. ಬೆನ್ನ ಬಲಗಡೆ ಸೂಜಿ ಆಡಿಸಿದಂತಾಯಿತು.

"ಈ ಹಸಿರು ಸ್ವಲ್ಪ ಕಪ್ಪು ಅನ್ಸಲ್ವಾ ಆಂಟಿ? ಆ ಕೆಂಪು ಇನ್ನೊಂದ್ಸಲ ತೋರಿಸಿ."

ಮೊದಲು ಹುಡುಗಿಯ ಮೇಲೆ ಸಿಟ್ಟು ಬಂತು, ಆಮೇಲೆ ತನ್ನ ಮೇಲೆ, ಕೊನೆಗೆ ಆ ಲಕ್ಷ್ಮಿಯ ಮೇಲೆ. ಅವಳೂ ಹೆಂಗಸಲ್ಲವೇ?

"ಸಾಹುಕಾರ್ರ, ಮ್ಯಾಲ ಹೋಗಿ ಬರ್ತೀನ್ರಿ."

ಹಣಮಂತರಾಯರ ನಗು ಆರಿತು. "ಬೋಣಿ ಆಗಿಲ್ರಿ ಇನ್ನಾ. ಮ್ಯಾಲ ಅವ್ವ ಅದಾಳ."

"ಗೊತ್ತೈತ್ರಿ," ಎಂದು ಸುಭದ್ರಾ ಎದ್ದೇಬಿಟ್ಟಳು. ಮಡಿಲಲ್ಲಿದ್ದ ಕೆಂಪು ಸೀರೆ ಗಾದಿಯ ಮೇಲೆ ಜಾರಿತು. ಹಿಂದಿನಿಂದ ಅವರು ಏನೋ ಕೂಗಿದರು. ಕೆಲಸ ಹೋಯಿತೆಂದು ಅಂದುಕೊಂಡೇ ಅವಳು ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು.

ಸಾವಿತ್ರಿಬಾಯಿ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. "ಯಾರು? ಸುಭದ್ರಾನಾ? ಮ್ಯಾಲ ಯಾಕ ಬಂದಿ? ಬೋಣಿ ಬಿಟ್ಟು ಬಂದ್ಯಾ?"

"ಒಂದಕ್ಕ ಹೋಗಬೇಕ್ರಿ ಅಮ್ಮಾ. ಆಮ್ಯಾಲ ಏನ್ ಬೇಕಾದ್ರೂ ಬೈರಿ."

ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಉರಿ ಎಷ್ಟಿತ್ತೆಂದರೆ ಕಣ್ಣಲ್ಲಿ ನೀರು ಬಂತು. ನೋವಿಗೋ, ಹಗುರವಾದದ್ದಕ್ಕೋ, ಗೋಡೆಗೆ ಹಣೆಯೊತ್ತಿ ಸ್ವಲ್ಪ ಅತ್ತಳು.

ಕೈಕಾಲು ತೊಳೆದು ಹೊರಗೆ ಬಂದಾಗ ಬೈಗುಳ ಬರಲಿಲ್ಲ. ಮುದುಕಿ ಇವಳನ್ನೇ ನೋಡುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ತಾಮ್ರದ ಚರಿಗೆ, ಮೇಲೆ ಲೋಟ ಬೋರಲು. ಚರಿಗೆ ತುಂಬಿದ್ದು ತುಂಬಿದ ಹಾಗೇ ಇತ್ತು. ಅವರ ತುಟಿಯೂ ಒಡೆದು ಬೆಳ್ಳಗಾಗಿತ್ತು.

"ನೀವ್ ನೀರು ಕುಡ್ದೇ ಇಲ್ಲೇನ್ರಿ?"

"ಸೊಸಿ ಬೀದರಕ್ಕ ಹೋಗ್ಯಾಳ," ಎಂದರು ಸಾವಿತ್ರಿಬಾಯಿ. ದನಿ ತಗ್ಗಿತು. "ಈ ಮಂಡಿ ಕಟ್ಟಿಕೊಂಡು ಒಬ್ಬಾಕೇ ಏಳಾಕ ಆಗೂದಿಲ್ಲ. ಕುಡದ್ರ ಹೋಗಬೇಕಾಗತೈತಿ. ಗಂಡಮಗನ್ನ ಕರದು ಇದನ್ನ ಹೆಂಗ ಹೇಳ್ಲಿ?"

ಸುಭದ್ರಾಗೆ ನಗು ಬಂತು. ನಕ್ಕೇಬಿಟ್ಟಳು. ನಗುತ್ತಲೇ ಲೋಟ ತುಂಬಿಸಿ, ಕೈ ಚಾಚುವ ಮುಂಚೆ ತಡೆದು ನಿಂತಳು. "ಮುಟ್ಟಿಬಿಟ್ಟೆನ್ರಿ. ನಿಮ್ ಮಡಿ..."

"ತಾ ಇಲ್ಲಿ!"

ಸಾವಿತ್ರಿಬಾಯಿ ಒಂದೇ ಉಸಿರಿಗೆ ಕುಡಿದರು. ಗದ್ದದಿಂದ ನೀರು ಸೆರಗಿಗೆ ಇಳಿಯಿತು. ಲೋಟ ಮತ್ತೆ ಚಾಚಿದರು. ಆಮೇಲೆ ಲೋಟ ಕೆಳಗಿಟ್ಟು, ಸುಮ್ಮನೆ ಕೈ ಚಾಚಿದರು. ಸುಭದ್ರಾ ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಸಣ್ಣ ಹೆಜ್ಜೆ ಇಡುತ್ತ ಸಂಡಾಸದ ಕಡೆ ಹೋದರು.

"ಸುಭದ್ರಾಬಾಯಿ! ಗಿರಾಕಿ ಹೊಂಟಾರ!" ಕೆಳಗಿನಿಂದ ಹಣಮಂತರಾಯರ ಕೂಗು.

"ನೀನ ತೋರ್ಸೋ ಸೀರಿ!" ಬಾಗಿಲ ಚೌಕಟ್ಟು ಹಿಡಿದು ನಿಂತ ಸಾವಿತ್ರಿಬಾಯಿ ಕೂಗಿದರು. "ಆಕಿ ನನ್ ಜೋಡಿ ಅದಾಳ!"

ಬಾಗಿಲು ಮುಚ್ಚುವ ಮುಂಚೆ ಮುದುಕಿ ತಿರುಗಿ ನೋಡಿದರು. "ನಾಳಿಗೆ ಎಷ್ಟೊತ್ತಿಗೆ ಬರ್ತಿ?"

ಬಾಗಿಲು ಮುಚ್ಚಿತು. ಒಳಗೆ ನೀರು ಬಿದ್ದ ಸದ್ದಾಯಿತು. ಸುಭದ್ರಾ ಪಡಸಾಲೆಗೆ ಬಂದು ಚರಿಗೆ ಎತ್ತಿ, ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿಕೊಂಡು, ಆ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ನಿಧಾನವಾಗಿ ಕುಡಿಯತೊಡಗಿದಳು.